ಚುಕ್ಕಿಯ ಹಿಂದಿರುವ ಮನುಷ್ಯ

ಲಕ್ಷಗಟ್ಟಲೆ ಅಂಕಿಅಂಶಗಳನ್ನು ಸಾಲುಸಾಲಾಗಿ ಓದಿ ಅರ್ಥ ಮಾಡಿಕೊಳ್ಳುವುದು ಯಾರಿಂದಲೂ ಆಗದ ಕೆಲಸ. ಅದನ್ನೇ ಚಿತ್ರವಾಗಿಸಿ ಕಂಪ್ಯೂಟರಿನ ಪರದೆಯ ಮೇಲಿಟ್ಟರೆ ಕಣ್ಣು ಕ್ಷಣಾರ್ಧದಲ್ಲಿ ಗುಂಪುಗಳನ್ನೂ ನಂಟುಗಳನ್ನೂ ಗುರುತಿಸುತ್ತದೆ. ಬೇಕಾದ ಭಾಗವನ್ನು ಹಿಗ್ಗಿಸಬಹುದು, ಬೇಡದ್ದನ್ನು ಸೋಸಬಹುದು, ಒಂದು ಚುಕ್ಕಿಯನ್ನು ಒತ್ತಿ ಅದರ ವಿವರ ಪಡೆಯಬಹುದು. 'ದೃಶ್ಯ ವಿಶ್ಲೇಷಣೆ' ಎಂಬ ಹೆಸರಿನಲ್ಲಿ ಬೆಳೆದಿರುವ ಈ ವಿದ್ಯೆಯ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪರದೆಯ ಮೇಲಿನ ಚುಕ್ಕಿ ಒಬ್ಬ ಮನುಷ್ಯನೇ ಆಗಿರುವಾಗ, ಅದು ಬಿದ್ದಿರುವ ಜಾಗವನ್ನಷ್ಟೇ ನೋಡಿ ಅವನ ಬಗ್ಗೆ ತೀರ್ಮಾನಿಸುವ ಅಧಿಕಾರ ನಮಗಿದೆಯೇ?

1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಮಂದಿ ಸತ್ತರು. ಡಾ. ಜಾನ್ ಸ್ನೋ ಸಾವು ಸಂಭವಿಸಿದ ಮನೆಗಳ ಜಾಗದಲ್ಲಿ ಕಪ್ಪು ಗೆರೆಗಳನ್ನಿಟ್ಟು ನಕಾಶೆ ಬರೆದರು. ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಒತ್ತೊತ್ತಾಗಿದ್ದವು. ಆ ನಕಾಶೆಯನ್ನು ನೋಡಿಯೇ ಪಂಪಿನ ಹಿಡಿಕೆ ಕಳಚಿದರು ಎಂದು ಹೇಳುವುದುಂಟು. ಅದು ಸರಿಯಲ್ಲ. ಹಿಡಿಕೆ ಕಳಚಿದ್ದು ಸೆಪ್ಟೆಂಬರ್ 8ರಂದು, ನಕಾಶೆ ಸಿದ್ಧವಾದದ್ದು ಆ ಬಳಿಕ. ಸ್ನೋ ಅದಕ್ಕೂ ಮೊದಲೇ ಮನೆ ಮನೆ ತಿರುಗಿ ವಿಚಾರಿಸಿದ್ದರು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಇದೇ ರೋಗದಿಂದ ತೀರಿಕೊಂಡಿದ್ದರು. ಅಲ್ಲಿ ಕಾಲರಾ ಇರಲಿಲ್ಲ. ಅವರ ಮಗನನ್ನು ಕೇಳಿದಾಗ ತಿಳಿಯಿತು: ಆಕೆಗೆ ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಇಷ್ಟ, ಪ್ರತಿದಿನ ಗಾಡಿಯಲ್ಲಿ ಒಂದು ಬಾಟಲಿ ತರಿಸಿಕೊಳ್ಳುತ್ತಿದ್ದರು. ಗುಂಪಿಗೆ ಸೇರದ ಒಂದು ಸಾವು ಗುಂಪಿನ ರಹಸ್ಯವನ್ನು ಬಿಡಿಸಿತು. ಅದು ಬಿಡಿಸಿಕೊಂಡದ್ದು ನಕಾಶೆಯಲ್ಲಲ್ಲ, ಆ ಮನೆಯವರ ಮಾತಿನಲ್ಲಿ. ಅದಲ್ಲದೆ ಸ್ನೋ ಹುಡುಕುತ್ತಿದ್ದುದು ರೋಗದ ಮೂಲವನ್ನು, ಅಪರಾಧಿಯನ್ನಲ್ಲ.

ಇಂದಿನ ದೃಶ್ಯ ವಿಶ್ಲೇಷಣೆಯ ಹುಟ್ಟಿನ ಹಿನ್ನೆಲೆ ಬೇರೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ 2004ರಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರವನ್ನು ತೆರೆಯಿತು. 2005ರಲ್ಲಿ ಜಿಮ್ ಥಾಮಸ್ ಮತ್ತು ಕ್ರಿಸ್ಟಿನ್ ಕುಕ್ ಸಂಪಾದಿಸಿದ 'ಇಲ್ಯುಮಿನೇಟಿಂಗ್ ದಿ ಪಾಥ್' ಈ ಕ್ಷೇತ್ರದ ಸಂಶೋಧನೆಗೆ ದಿಕ್ಕು ತೋರಿಸಿತು. ಅಲ್ಲಿ ಹುಡುಕಬೇಕಾಗಿದ್ದುದು ಅಪಾಯಕಾರಿ ಮನುಷ್ಯರನ್ನು. ವೈದ್ಯರೂ ಹವಾಮಾನ ತಜ್ಞರೂ ಇಂದು ಇದರ ಫಲ ಉಣ್ಣುತ್ತಿದ್ದಾರೆ ಎಂಬುದು ನಿಜ. ಆದರೂ ಹುಟ್ಟುಗುಣ ಅಷ್ಟು ಸುಲಭವಾಗಿ ಬಿಡುವುದಿಲ್ಲ.

2013ರಲ್ಲಿ ಎಡ್ವರ್ಡ್ ಸ್ನೋಡನ್ ಬಯಲುಗೊಳಿಸಿದ ದಾಖಲೆಗಳ ಬಳಿಕ ಒಂದು ಲೆಕ್ಕ ಜಗತ್ತಿಗೆ ತಿಳಿಯಿತು. ಶಂಕಿತನೊಬ್ಬನ ಫೋನಿನಿಂದ ಮೂರು ಹೆಜ್ಜೆ ದೂರದವರೆಗಿನ ಕರೆಗಳ ನಂಟನ್ನು ಅಮೆರಿಕದ ಎನ್‌ಎಸ್‌ಎ ಹಿಂಬಾಲಿಸಬಹುದಿತ್ತು. ಒಬ್ಬೊಬ್ಬರಿಗೆ 100 ಮಂದಿಯ ಸಂಪರ್ಕವಿದೆ ಎಂದಿಟ್ಟುಕೊಳ್ಳಿ. ಮೊದಲ ಹೆಜ್ಜೆಗೆ 100, ಎರಡನೆಯದಕ್ಕೆ 10 ಸಾವಿರ, ಮೂರನೆಯದಕ್ಕೆ 10 ಲಕ್ಷ! ಅದರಲ್ಲಿ ಹಾಲಿನವನೂ ಇರುತ್ತಾನೆ, ಮಗಳ ಟೀಚರೂ ಇರುತ್ತಾರೆ. ಪರದೆಯ ಮೇಲೆ ಎಲ್ಲ ಗೆರೆಗಳೂ ಒಂದೇ ತೆರ. 2014ರಲ್ಲಿ ಇದನ್ನು ಎರಡು ಹೆಜ್ಜೆಗೆ ಇಳಿಸಲಾಯಿತು.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಒಂದೇ ಸೂಕ್ತದಲ್ಲಿ ಗುಮಾನಿ, ಪರರ ಗುಟ್ಟು ಕೆದಕುವುದು ಮತ್ತು ಪರದೂಷಣೆ ಈ ಮೂರರ ನಿಷೇಧವೂ ಬರುತ್ತದೆ. ಈ ಕ್ರಮ ಆಕಸ್ಮಿಕವೆಂದು ನಮಗನಿಸುವುದಿಲ್ಲ. ಮೊದಲು ಮನಸ್ಸಿನಲ್ಲಿ ಗುಮಾನಿ ಹುಟ್ಟುತ್ತದೆ, ಅದು ಕಣ್ಣನ್ನು ಕೆದಕಲು ಕಳಿಸುತ್ತದೆ, ಕಂಡದ್ದನ್ನು ನಾಲಿಗೆ ಹರಡುತ್ತದೆ. ಸಂಶಯದ ಕಣ್ಣಿಗೆ ಚಿತ್ರ ಸಾಕ್ಷಿಯ ವೇಷದಲ್ಲಿ ಬರುತ್ತದೆ. ಧರ್ಮದ ಮಾತು ಬೇಡ ಎನ್ನುವವರು ರಿಚರ್ಡ್ಸ್ ಹ್ಯೂಯರ್ ಅವರನ್ನು ಓದಬಹುದು. ದೀರ್ಘಕಾಲ ಸಿಐಎಯಲ್ಲಿದ್ದ ಇವರು 1999ರ ತಮ್ಮ ಪುಸ್ತಕದಲ್ಲಿ ವಿಶ್ಲೇಷಕರಿಗೆ ಕೊಟ್ಟ ಸಲಹೆ, ಊಹೆಯನ್ನು ಸಮರ್ಥಿಸುವ ಪುರಾವೆಗಿಂತ ಅದನ್ನು ಸುಳ್ಳಾಗಿಸುವ ಪುರಾವೆಯನ್ನು ಹುಡುಕಿ ಎಂಬುದು. ಬೇಹುಗಾರನ ಬಾಯಲ್ಲಿ ಸದ್ಭಾವನೆಯ ಪಾಠ!

ಆ ಪಾಠ ನ್ಯೂಯಾರ್ಕಿನ ಪೊಲೀಸರನ್ನು ತಲುಪಲಿಲ್ಲ. ಅವರ ಒಂದು ಘಟಕ ಮಸೀದಿ, ಹೋಟೆಲು, ಅಂಗಡಿಗಳನ್ನು ನಕಾಶೆಗಳಲ್ಲಿ ಗುರುತಿಸಿ, ಅಲ್ಲಿ ಮುಸ್ಲಿಮರು ಏನು ಮಾತಾಡುತ್ತಾರೆಂದು ಕೇಳಿಸಿಕೊಂಡು ಬರಲು ಜನರನ್ನು ಕಳಿಸುತ್ತಿತ್ತು. 2011ರಲ್ಲಿ ಇದನ್ನು ಅಸೋಸಿಯೇಟೆಡ್ ಪ್ರೆಸ್ ಬಹಿರಂಗಪಡಿಸಿತು. 2012ರಲ್ಲಿ ಪ್ರಮಾಣ ಮಾಡಿ ಹೇಳಿಕೆ ನೀಡಿದ ಹಿರಿಯ ಅಧಿಕಾರಿಯೊಬ್ಬರು, 2006ರಿಂದ ತಾವಿರುವ ಅವಧಿಯಲ್ಲಿ ಆ ವರದಿಗಳಿಂದ ಒಂದೇ ಒಂದು ಸುಳಿವೂ ಹುಟ್ಟಿಲ್ಲ ಎಂದು ಒಪ್ಪಿಕೊಂಡರು. 2014ರಲ್ಲಿ ಘಟಕವನ್ನು ಮುಚ್ಚಲಾಯಿತು. ಅಷ್ಟರಲ್ಲಿ ಆ ನಗರದ ಎಷ್ಟೋ ಮುಸ್ಲಿಮರು ಮಸೀದಿಯಲ್ಲಿ ಪಕ್ಕದಲ್ಲಿ ನಿಂತವನೊಂದಿಗೆ ಮನಬಿಚ್ಚಿ ಮಾತಾಡಲು ಹೆದರುವಂತಾಗಿತ್ತು.