ಗಾಜಿನ ತೊಟ್ಟಿಯ ಮೀನು ಮತ್ತು ಅಹಿಂಸಾಣುವ್ರತ

ಅಹಿಂಸಾಣುವ್ರತವನ್ನು ಕೈಕೊಂಡ ಶ್ರಾವಕನು ಮನೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಮೀನು ಸಾಕಬಹುದೆ? ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಮಾರುವುದಿಲ್ಲ, ನೋಡಿ ಸಂತೋಷಪಡುವುದಷ್ಟೇ. ಹೀಗಿರಲು ವ್ರತಕ್ಕೆ ಕೊರತೆಯೆಲ್ಲಿ ಎಂದು ಕೇಳುವವರುಂಟು. ಆದರೆ ವ್ರತಭಂಗ ಬೇರೆ, ಅತಿಚಾರ ಬೇರೆ. ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಬಂಧವು ಮೊದಲನೆಯದು, ಅನ್ನಪಾನಗಳನ್ನು ತಡೆಯುವುದು ಕೊನೆಯದು. ಪ್ರಾಣಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅರ್ಥಮಾಡಿದ್ದಾರೆ. ಆ ಆಚಾರ್ಯರ ಹೆಸರಿನೊಡನೆ ಬೆಸೆದುಕೊಂಡಿರುವ ಕನಕಗಿರಿಯು ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿದೆ. ಅದೇ ತಾಲ್ಲೂಕಿನ ಉಮ್ಮತ್ತೂರಿನ ಬಯಲಿನಲ್ಲಿ ಕೃಷ್ಣಮೃಗಗಳು ಬೇಲಿಯಿಲ್ಲದೆ ಮೇಯುವುದನ್ನು ಕಂಡವರಿಗೆ ಆಚಾರ್ಯರ ಮಾತನ್ನು ಬೇರೆ ವಿವರಿಸಬೇಕಾಗಿಲ್ಲ.

ಉಮ್ಮತ್ತೂರಿನಂತಹ ಬಯಲುಸೀಮೆಯ ಊರಿನಲ್ಲಿ ಇಂತಹ ತೊಟ್ಟಿಯನ್ನಿಡಲು ಒಂದು ಅನುಕೂಲವಿದೆ. ಕೊಳವೆಬಾವಿಯ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣದ ಪದರ ಕೂರುತ್ತದೆ, ಸೋಪು ನೊರೆಯಾಗಲು ಹಟ ಮಾಡುತ್ತದೆ. ಮೆದುನೀರಿನ ಮೀನುಗಳಿಗೆ ಒಗ್ಗದ ಇಂತಹ ನೀರು ಆಫ್ರಿಕದ ಟಾಂಗನ್ಯೀಕ ಮತ್ತು ಮಲಾವಿ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಹಿತವಾಗುತ್ತದೆ. ಟಾಂಗನ್ಯೀಕದ ನೀರಿನ ಪಿಎಚ್ ಸುಮಾರು 9ರಷ್ಟು, ಅಂದರೆ ಸ್ಪಷ್ಟವಾಗಿ ಕ್ಷಾರೀಯ. ಒಂದೊಂದು ಜೀವಿಗೂ ಅದರದೇ ನೀರೆಂಬುದು ಜೈನಗೃಹಗಳಿಗೆ ಹೊಸ ಮಾತಲ್ಲ. ನೀರನ್ನು ಗಾಳಿಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ಸೇದಿದ ಬಾವಿಗೇ ಮರಳಿ ಬಿಡಬೇಕು, ಬೇರೆ ನೀರಿಗೆ ಸುರಿದರೆ ಅವು ಸಾಯುವುವು ಎಂಬ ಆಚಾರದಲ್ಲಿ ಅಡಗಿರುವುದು ಇದೇ ತಿಳಿವಳಿಕೆ.

ಆದರೆ ನೀರು ಹೊಂದಿದ ಮಾತ್ರಕ್ಕೆ ಜೀವನವು ಹೊಂದಲಿಲ್ಲ. ಈ ಮೀನುಗಳಲ್ಲಿ ಹಲವು ಸಂಘಜೀವಿಗಳು. ಟಾಂಗನ್ಯೀಕದ ಬ್ರಿಚಾರ್ಡಿ ಎಂಬ ಜಾತಿಯಲ್ಲಿ ಮೊದಲು ಹುಟ್ಟಿದ ಮರಿಗಳು ತಾಯಿತಂದೆಗಳ ಬಳಿಯಲ್ಲಿಯೇ ಉಳಿದು, ಅನಂತರ ಹುಟ್ಟಿದ ತಮ್ಮ ತಂಗಿಯರನ್ನು ಕಾಯುತ್ತವೆ. ಅಲ್ಲಿಯ ಟ್ರೋಫಿಯಸ್ ಮೀನನ್ನು ನಾಲ್ಕೈದರಂತೆ ಸಾಕಿದರೆ ಬಲಿಷ್ಠವಾದುದು ದುರ್ಬಲವನ್ನು ಅಟ್ಟಿ ಅಟ್ಟಿ ಕೊಲ್ಲುವುದುಂಟು. ಹದಿನೈದು ಇಪ್ಪತ್ತರ ಗುಂಪಿನಲ್ಲಿ ಆ ಕ್ರೌರ್ಯವು ಹಂಚಿಹೋಗಿ ಯಾವುದೂ ಏಟಿಗೆ ಏಕಗುರಿಯಾಗದು. ಸರೋವರದಲ್ಲಾದರೆ ಸೋತುದು ಓಡಿ ಬದುಕೀತು, ಗಾಜಿನೊಳಗೆ ಓಡುವುದೆಲ್ಲಿಗೆ? ಅಲ್ಲಿ ಸತ್ತ ಮೀನನ್ನು ಇನ್ನೊಂದು ಮೀನು ಕೊಂದಿತೆಂದು ಹೇಳಿ ಸಾಕಿದವನು ಕೈತೊಳೆದುಕೊಳ್ಳಲಾಗದು.

ಆಹಾರದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದ ಆಚಾರ್ಯರಿದ್ದಾರೆ. ಒಂದು ಜೀವವನ್ನು ಸಲಹಲು ಪ್ರತಿದಿನವೂ ಹುಳುಗಳನ್ನೂ ಸೀಗಡಿಗಳನ್ನೂ ಬಲಿಕೊಡುವುದಾದರೆ ತೊಟ್ಟಿಯೂ ಅದೇ ಸಾಲಿಗೆ ಸೇರುವುದು. ಟ್ರೋಫಿಯಸ್ ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಮೀನು. ಮಾಂಸಾಂಶ ಹೆಚ್ಚಿದರೆ ಹೊಟ್ಟೆಯುಬ್ಬರದ ರೋಗಕ್ಕೆ ಬೇಗ ಈಡಾಗುವುದೆಂಬುದು ಸಾಕುವವರ ಅನುಭವ. ಸ್ಪಿರುಲಿನ ಪಾಚಿಯ ಆಹಾರದಿಂದ ಅದನ್ನು ಸಲಹಬಹುದು. ಆದರೆ ಅಂಗಡಿಯ ಗುಳಿಗೆಗಳಲ್ಲಿ ಅನೇಕವು ಮೀನಿನ ಪುಡಿ ಬೆರೆತವು. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಪಾಚಿಯೆಂದಿದ್ದರೂ ಸಣ್ಣಕ್ಷರವನ್ನು ಓದಬೇಕು.

ಇನ್ನು ಉಪವಾಸದ ಮಾತು. ದಶಲಕ್ಷಣ ಪರ್ವದಲ್ಲಿ ಮನೆಯವರೆಲ್ಲ ಉಪವಾಸವಿದ್ದಾಗ ತೊಟ್ಟಿಯ ಮೀನಿಗೂ ಆಹಾರ ಹಾಕದಿರುವುದು ಪುಣ್ಯವೆಂದು ಬಗೆಯುವವರಿದ್ದರೆ ಅವರು ವ್ರತವನ್ನೇ ಅರಿತವರಲ್ಲ. ಉಪವಾಸವು ಸಂಕಲ್ಪದಿಂದ ಆಗತಕ್ಕದ್ದು. ಒಬ್ಬನ ಸಂಕಲ್ಪವನ್ನು ಮತ್ತೊಂದು ಜೀವದ ಹೊಟ್ಟೆಯ ಮೇಲೆ ಹೇರಿದರೆ ಅದು ಅನ್ನಪಾನನಿರೋಧವಲ್ಲದೆ ಮತ್ತೇನು? ಆದರೂ ಬಲ್ಲ ಸಾಕಣೆದಾರರು ವಾರಕ್ಕೊಂದು ದಿನ ಆಹಾರ ನಿಲ್ಲಿಸುವುದುಂಟು. ಅತಿಯಾಗಿ ಹಾಕಿದ ಆಹಾರವು ಕೊಳೆತು ಅಮೋನಿಯವಾಗುತ್ತದೆ, ಕ್ಷಾರೀಯ ನೀರಿನಲ್ಲಿ ಅದರ ವಿಷ ಮತ್ತಷ್ಟು ತೀವ್ರ. ಬೆಳೆದ ಆರೋಗ್ಯವಂತ ಮೀನಿಗೆ ಒಂದು ದಿನದ ಬಿಡುವಿನಿಂದ ಕೇಡಿಲ್ಲ. ಹೊರಗೆ ಕ್ರಿಯೆ ಒಂದೇ; ಒಳಗಿನ ಪರಿಣಾಮ ಬೇರೆ. ಮಹಾಮತ್ಸ್ಯದ ಬಾಯಿಂದ ಜಾರಿಹೋಗುವ ಮೀನುಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಬಗೆದೇ ಏಳನೆಯ ನರಕಕ್ಕಿಳಿದ ತಂದುಲಮತ್ಸ್ಯದ ಕಥೆ ಶ್ರಾವಕರಿಗೆ ತಿಳಿಯದುದಲ್ಲ. ಈ ಜಾತಿಯ ತಾಯಿಮೀನು ಮೊಟ್ಟೆಮರಿಗಳನ್ನು ಬಾಯಲ್ಲಿ ಹೊತ್ತು ವಾರಗಟ್ಟಲೆ ಅಲ್ಪಾಹಾರದಲ್ಲಿರುತ್ತದೆ. ನೋಡಲು ತಪಸ್ಸಿನಂತಿದ್ದರೂ ಅದನ್ನು ವ್ರತವೆನ್ನುವುದು ಅತಿಶಯೋಕ್ತಿಯಾದೀತು.

ಇಷ್ಟೆಲ್ಲ ತೊಡಕಾದರೆ ಕೆರೆಗೆ ಬಿಟ್ಟು ಅಭಯದಾನ ಮಾಡಬಾರದೆ ಎನ್ನಬಹುದು. ಕೂಡದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ, ಜನರ ಬಾಯಲ್ಲಿ ಜಿಲೇಬಿ ಮೀನು, ಇದೇ ಆಫ್ರಿಕದ ಸಿಕ್ಲಿಡ್ ವಂಶದ್ದು. ದಕ್ಷಿಣದ ಕೆರೆಗಳಲ್ಲಿ ಹರಡಿ ನಾಡಮೀನುಗಳ ನೆಲೆಯನ್ನು ಕಿತ್ತುಕೊಂಡಿತು. ಒಂದನ್ನು ಬಿಡಿಸಲು ಹೋಗಿ ಅನೇಕವನ್ನು ನೂಕುವುದು ದಯೆಯಾಗದು. ಕಟ್ಟಿದ ಹಸುವಿನ ಹಗ್ಗವನ್ನು ಬಿಚ್ಚಬಹುದು. ಈ ಬಂಧಕ್ಕೆ ಬಿಚ್ಚುವ ಗಂಟೇ ಇಲ್ಲ. ಆದುದರಿಂದ ಅಣುವ್ರತಿಯು ತೊಟ್ಟಿಯನ್ನು ಹೊಸದಾಗಿ ಕೊಳ್ಳದಿರುವುದೇ ಯುಕ್ತ. ಈಗಾಗಲೇ ಇದ್ದವನು ಅವುಗಳ ಆಯುಷ್ಯವಿರುವ ತನಕ ಸಲಹಬೇಕು: ವಾರವಾರವೂ ನೀರಿನ ಒಂದು ಭಾಗವನ್ನು ಬದಲಿಸಬೇಕು, ವಿದ್ಯುತ್ತು ನಿಂತಾಗ ಗಾಳಿಯಾಡಿಸುವ ಏರ್ಪಾಡಿರಬೇಕು, ಯಾತ್ರೆಗೆ ಹೊರಡುವಾಗ ಬಲ್ಲವರೊಬ್ಬರಿಗೆ ಒಪ್ಪಿಸಿ ಹೋಗಬೇಕು. ಸತ್ತುದರ ಸ್ಥಾನಕ್ಕೆ ಮತ್ತೊಂದನ್ನು ತರದಂತೆ ಪರಿಗ್ರಹಪರಿಮಾಣದಲ್ಲಿಯೇ ನಿಯಮ ಮಾಡಿಕೊಳ್ಳಬಹುದು. ಆದರೆ ಗುಂಪು ಕ್ಷೀಣಿಸಿದಂತೆ ಉಳಿದವುಗಳಲ್ಲಿ ದುರ್ಬಲವಾದುದರ ಗತಿ ಕಠಿಣವಾಗುತ್ತದೆ. ಮರಿಗಳಾದರೆ ತೊಟ್ಟಿ ಕಿಕ್ಕಿರಿಯುತ್ತದೆ. ಗಂಡುಹೆಣ್ಣುಗಳನ್ನು ಬೇರ್ಪಡಿಸೋಣವೆಂದರೆ ಟ್ರೋಫಿಯಸ್‌ನಲ್ಲಿ ಅವೆರಡೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ.