ಪೇಟಿಯವರ ಹೆಸರಿಗೊಂದು ಪೂಜೆ



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮೃತರ ಹೆಸರುಗಳ ಪಟ್ಟಿ ಸಿದ್ಧವಾಗುತ್ತದೆ. ಅಗಲಿದ ತಂದೆತಾಯಿ, ಕೈಹಿಡಿದವರು, ಕಣ್ಣು ಬಿಡುವ ಮೊದಲೇ ಹೋದ ಕೂಸು, ಹೀಗೆ ನಿಮ್ಮ ನಿಮ್ಮವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕಾಣಿಕೆಯೊಂದಿಗೆ ತಂದುಕೊಡುತ್ತೀರಿ. ಕಳೆದ ವರ್ಷ ಮೋರಟಗಿ ಕಡೆಯ ಅಜ್ಜನೊಬ್ಬರು ತಂದ ಚೀಟಿಯಲ್ಲಿ ಐದು ಹೆಸರುಗಳಿದ್ದವು. ನಾಲ್ಕು ಅವರ ಮನೆಯವರದು. ಐದನೆಯದು ರಾಮಭಾವು ಬಿಜಾಪುರೆ.

ಈ ಅಜ್ಜ ನಮ್ಮ ಗಾನವೃಂದಕ್ಕೆ ಪೇಟಿ ಬಾರಿಸುವವರು. ಹಾರ್ಮೋನಿಯಮ್ಮಿಗೆ ನಮ್ಮ ಈ ಭಾಗದಲ್ಲಿ ಪೇಟಿ ಎಂದೇ ಹೆಸರು. ಭಜನೆಗೂ ಅದೇ, ಬಯಲಾಟಕ್ಕೂ ಅದೇ, ಭಾನುವಾರದ ಪೂಜೆಗೂ ಅದೇ.

"ಅಜ್ಜಾರ, ಈ ಐದನೆಯವರು ನಮ್ಮವರೇನು?" ಎಂದು ಕೇಳಿದೆ.

"ನಮ್ಮ ಧರ್ಮದವರಲ್ರಿ ಫಾದರ್. ಖರೇ ಹೇಳಬೇಕಂದ್ರ ನಾ ಅವರ ಶಿಷ್ಯನೂ ಅಲ್ಲ. ಅವರು ದೊಡ್ಡ ದೊಡ್ಡವರಿಗೆ ಸಾಥ್ ಕೊಡೂದು ಕೇಳಿ, ಕೈ ನೋಡಿ ಕಲ್ತಾಂವ. ಇಲ್ಲಿ ನಾ ಏನ್ ಬಾರಿಸ್ತೀನಿ, ಅದರಾಗ ಅವರದೂ ಒಂದು ಪಾಲು ಐತಿ. ಬರೀಬಾರದೇನ್ರಿ?"

"ನೋಡೋಣ" ಎಂದೆ. ಅಜ್ಜನ ಮುಖ ಸಣ್ಣದಾಯಿತು. ಮತ್ತೇನೂ ಹೇಳದೆ ಹೊರಟುಹೋದರು. ಗುರುಗಳಾದ ನಾವು ಈ "ನೋಡೋಣ" ಎಂಬ ಮಾತನ್ನು ಬಹಳ ಸುಲಭವಾಗಿ ಆಡುತ್ತೇವೆ. ಅದು ಬೇಡ ಎಂದು ಹೇಳುವ ಧೈರ್ಯ ಇಲ್ಲದವನ ಮಾತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಧರ್ಮಸಭೆಯ ಕಾನೂನು ಗ್ರಂಥವನ್ನು ತೆರೆದೆ. 1983ರ ಆ ಗ್ರಂಥದ 901ನೆಯ ವಿಧಿ ಒಂದೇ ಸಾಲಿನದು: ಜೀವಂತರಿರಲಿ, ಮೃತರಿರಲಿ, ಯಾರಿಗಾಗಿಯಾದರೂ ಬಲಿಪೂಜೆಯನ್ನು ಅರ್ಪಿಸುವ ಸ್ವಾತಂತ್ರ್ಯ ಗುರುವಿಗೆ ಇದೆ. ಯಾರಿಗಾಗಿಯಾದರೂ! ಸೆಮಿನರಿಯಲ್ಲಿ ಓದಿ ಪರೀಕ್ಷೆಯನ್ನೂ ಬರೆದಿದ್ದೆ. ಇನ್ನೂ ನಾಚಿಕೆಯಾದದ್ದು ನಾಲ್ಕನೆಯ ಪರಮಪ್ರಸಾದದ ಪ್ರಾರ್ಥನೆಯನ್ನು ನೆನೆದಾಗ. ಕ್ರಿಸ್ತರ ಶಾಂತಿಯಲ್ಲಿ ಮಡಿದವರನ್ನು ಸ್ಮರಿಸಿದ ಮೇಲೆ, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರೆಲ್ಲರನ್ನೂ ಅಲ್ಲಿ ನಾವು ಸ್ಮರಿಸುತ್ತೇವೆ. ಪೀಠದ ಮುಂದೆ ನಿಂತು ನಾನೇ ಹೇಳುವ ಮಾತು ಅದು. ಅದನ್ನೇ ಚೀಟಿ ಹಿಡಿದು ಬಂದ ಅಜ್ಜನ ಮುಂದೆ ಮರೆತಿದ್ದೆ.

ಅಜ್ಜ ಬರೆದುಕೊಟ್ಟ ಆ ಹೆಸರಿನವರು ಯಾರೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಪಂಡಿತ ರಾಮಭಾವು ಬಿಜಾಪುರೆಯವರು 1917ರಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ಹುಟ್ಟಿದರು. 2010ರ ನವೆಂಬರಿನಲ್ಲಿ, ಮೃತರನ್ನು ನಾವು ಸ್ಮರಿಸುವ ಇದೇ ತಿಂಗಳಿನಲ್ಲಿ, ಬೆಳಗಾವಿಯಲ್ಲಿ ತೀರಿಕೊಂಡರು. ಬೆಳಗಾವಿಯಲ್ಲಿ ಸಂಗೀತ ಶಾಲೆ ತೆರೆದು ಜೀವಮಾನವಿಡೀ ಮಕ್ಕಳಿಗೆ ಕಲಿಸಿದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರಂಥ ಗಾಯಕರ ಪಕ್ಕದಲ್ಲಿ ಕುಳಿತು ಸಾಥ್ ನೀಡಿದರು. ಸ್ವತಂತ್ರವಾಗಿಯೂ ನುಡಿಸಬಲ್ಲ ವಿದ್ವಾಂಸರು, ಆದರೂ ಬದುಕಿನ ಬಹುಭಾಗವನ್ನು ಇನ್ನೊಬ್ಬರ ದನಿಯ ಹಿಂದೆ ನಡೆಯುವುದರಲ್ಲೇ ಕಳೆದರು.

ಅವರು ಹಿಡಿದ ವಾದ್ಯವಾದರೂ ಮಾನ ಮರ್ಯಾದೆ ಇದ್ದ ವಾದ್ಯವೇ? ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡ ಪೆಟ್ಟಿಗೆ ಇದು. ದೊಡ್ಡ ಆರ್ಗನ್ ಕೊಳ್ಳಲಾಗದ ಬಡ ಚರ್ಚುಗಳಿಗೂ ಪ್ರಾರ್ಥನಾ ಮಂದಿರಗಳಿಗೂ ಒದಗಿಬಂತು. ಭಾರತಕ್ಕೆ ಬಂದ ಮೇಲೆ ಕಾಲಿನಿಂದ ತಿದಿ ಒತ್ತುವುದು ಹೋಗಿ, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುವಂತಾಯಿತು. ಜನ ಅದನ್ನು ಅಪ್ಪಿಕೊಂಡರು, ಪಂಡಿತರು ಮೂಗು ಮುರಿದರು. ಅದರಲ್ಲಿ ಸ್ವರಗಳು ಮನೆಮನೆಯಾಗಿ ಕಟ್ಟಿಟ್ಟಂತಿವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಕಂಠ ಜಾರುವಂತೆ ಪೇಟಿ ಜಾರಲಾರದು. ಆಕ್ಷೇಪಣೆ ಸುಳ್ಳಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ಮೂರು ದಶಕಗಳ ಕಾಲ ಆ ಬಾಗಿಲು ಮುಚ್ಚಿಯೇ ಇತ್ತು. ಲೆಕ್ಕ ಹಾಕಿ ನೋಡಿ: ಆಗ ಬಿಜಾಪುರೆಯವರಿಗೆ ಇಪ್ಪತ್ಮೂರು ವರ್ಷ. ಬಾಗಿಲು ಸ್ವಲ್ಪ ತೆರೆಯುವ ಹೊತ್ತಿಗೆ ಐವತ್ತು ದಾಟಿತ್ತು. ಕಲಾವಿದನೊಬ್ಬನ ಕೈ ಚುರುಕಾಗಿರುವ ವಯಸ್ಸೆಲ್ಲ ಅವನ ವಾದ್ಯಕ್ಕೆ ದೇಶದ ರೇಡಿಯೋದಲ್ಲಿ ಜಾಗವಿಲ್ಲ. ಆದರೂ ಅವರು ಪೇಟಿಯನ್ನು ಬಿಡಲಿಲ್ಲ.

ಕಂಠದಂತೆ ಜಾರಲಾಗದ ವಾದ್ಯ ಹಿಡಿದವರು ಮಾಡುವುದೇನು? ಮರುದಿನ ಅಜ್ಜನ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಇದನ್ನೇ ಕೇಳಿದೆ. "ಕೇಳಬೇಕ್ರಿ ಫಾದರ್. ಹಾಡಾವ ಎಲ್ಲಿ ಉಸಿರು ತಗೋತಾನ ಅನ್ನೂದು ಗೊತ್ತಿರಬೇಕು. ಅಂವ ನಿಂತಾಗ ನಾವು ತುಂಬಬೇಕು, ಅಂವ ಏರಿದಾಗ ನಾವು ಸಣ್ಣಾಗಬೇಕು" ಎಂದರು.

ಇದು ನನಗೆ ಸ್ನಾನಿಕ ಯೊವಾನ್ನನ ಮಾತಿನ ಹಾಗೆಯೇ ಕೇಳಿಸಿತು. ಯೊವಾನ್ನನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ಓದಿರಿ. ಎಲ್ಲರೂ ಯೇಸುವಿನ ಕಡೆಗೆ ಹೋಗುತ್ತಿದ್ದಾರೆ ಎಂದು ಶಿಷ್ಯರು ದೂರಿದಾಗ ಯೊವಾನ್ನನು ತನ್ನನ್ನು ಮದುಮಗನ ಗೆಳೆಯನಿಗೆ ಹೋಲಿಸಿಕೊಳ್ಳುತ್ತಾನೆ. ಗೆಳೆಯನು ಪಕ್ಕದಲ್ಲಿ ನಿಂತು ಕಿವಿಗೊಡುತ್ತಾನೆ. ಮದುಮಗನ ದನಿ ಕೇಳಿಯೇ ಅವನಿಗೆ ಆನಂದ. ಆತನು ಬೆಳೆಯಬೇಕು, ತಾನು ಕುಗ್ಗಬೇಕು ಎಂಬ ಮಾತು ಬರುವುದು ಆಮೇಲೆ. ನಾವು ಪ್ರಸಂಗಿಗಳು ಕುಗ್ಗುವುದರ ಬಗ್ಗೆ ಬಹಳ ಬೋಧಿಸುತ್ತೇವೆ, ಆನಂದವನ್ನು ಬಿಟ್ಟುಬಿಡುತ್ತೇವೆ. ಅದರಿಂದಾಗಿ ಮನೆಯ ತಾಯಂದಿರಿಗೆ ಎಷ್ಟು ಅನ್ಯಾಯವಾಗಿದೆಯೋ! ಯೊವಾನ್ನನು ಸೋತವನಂತೆ ಕುಗ್ಗಿದವನಲ್ಲ. ಆ ದನಿಯನ್ನು ಕೇಳಿ ಸಂತೋಷಪಟ್ಟನು, ಆದ್ದರಿಂದ ಹಿಂದೆ ಸರಿದನು. ಒಳ್ಳೆಯ ಸಾಥಿದಾರರ ಮುಖವನ್ನು ನೋಡಿದ್ದೀರಾ? ಗಾಯಕ ಒಳ್ಳೆಯ ಜಾಗ ಮುಟ್ಟಿದಾಗ ಮೊದಲು ತಲೆದೂಗುವವರು ಅವರೇ.

ದೂರದ ಇನ್ನೊಂದು ಹೆಸರನ್ನೂ ಇಲ್ಲಿ ಹೇಳಬೇಕೆನಿಸುತ್ತದೆ. ಅಮೆರಿಕದ ಕರಿಯ ಜನರ ನಡುವೆ ಹುಟ್ಟಿದ ಜ್ಯಾಝ್ ಸಂಗೀತದಲ್ಲಿ ಮೇರಿ ಲೂ ವಿಲಿಯಮ್ಸ್ ಎಂಬ ಪಿಯಾನೊ ವಾದಕಿ ಇದ್ದರು. ನಮ್ಮ ಆಲಾಪದಂತೆ ಜ್ಯಾಝ್‌ನಲ್ಲಿಯೂ ನುಡಿಸುವವರು ಅಲ್ಲಲ್ಲಿಯೇ ಸ್ವರ ಕಟ್ಟುತ್ತಾರೆ. ಹೆಸರು ಉತ್ತುಂಗದಲ್ಲಿದ್ದಾಗ, 1954ರಲ್ಲಿ, ಆಕೆ ಪ್ಯಾರಿಸಿನಲ್ಲಿ ಪಿಯಾನೊ ಬಿಟ್ಟು ಎದ್ದುಬಂದರು. 1957ರಲ್ಲಿ ನ್ಯೂಯಾರ್ಕಿನಲ್ಲಿ ದೀಕ್ಷಾಸ್ನಾನ ಪಡೆದು ಕಥೋಲಿಕರಾದರು. ಗಂಟೆಗಟ್ಟಲೆ ಚರ್ಚಿನಲ್ಲಿ ಕುಳಿತು, ಹೆಸರುಗಳ ಉದ್ದನೆಯ ಪಟ್ಟಿ ಹಿಡಿದು ಪ್ರಾರ್ಥಿಸುತ್ತಿದ್ದರಂತೆ. ಕುಡಿತಕ್ಕೆ, ಮಾದಕ ವಸ್ತುಗಳಿಗೆ ಬಲಿಯಾದವರು ಆ ಸಂಗೀತಲೋಕದಲ್ಲಿ ಕಡಿಮೆಯೇನಿರಲಿಲ್ಲ. ಸಂಗೀತವನ್ನೇ ಪ್ರಾರ್ಥನೆಯಾಗಿ ಅರ್ಪಿಸು ಎಂದು ಗುರುಗಳು ಹೇಳಿದ ಮೇಲೆ ಆಕೆ ಮತ್ತೆ ಪಿಯಾನೊ ಮುಟ್ಟಿದರು. ಆಕೆ ರಚಿಸಿದ ಬಲಿಪೂಜೆಯ ಸಂಗೀತ 1975ರಲ್ಲಿ ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಮೊಳಗಿತು. 1981ರಲ್ಲಿ ಆಕೆ ತೀರಿಕೊಂಡರು. ನಮ್ಮ ಮೋರಟಗಿಯ ಅಜ್ಜ ಆಕೆಯ ಹೆಸರನ್ನು ಕೇಳಿದವರಲ್ಲ. ಆದರೆ ಆಕೆಯ ಕೈಯಲ್ಲಿದ್ದದ್ದೂ ಅಂಥ ಒಂದು ಚೀಟಿಯೇ.

ಇಲ್ಲಿ ಒಂದು ಎಚ್ಚರಿಕೆ. ಬಿಜಾಪುರೆಯವರ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡ ಮಾತ್ರಕ್ಕೆ ಅವರನ್ನು ಕ್ರೈಸ್ತರೆಂದು ನಾವು ಹೇಳಿದಂತಲ್ಲ. ಅವರ ಭಕ್ತಿ ಅವರದು, ಅವರ ಮನೆತನದ್ದು. ಅದನ್ನು ಕಸಿದುಕೊಳ್ಳುವ ಹಕ್ಕು ನಮಗಿಲ್ಲ. ನಾವು ಮಾಡುವುದು ಇಷ್ಟೇ: ಅವರಿಂದ ನಮಗೆ ಬಂದದ್ದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುತ್ತೇವೆ, ಅವರನ್ನು ದೇವರ ಕರುಣೆಯ ಕೈಗೆ ಒಪ್ಪಿಸುತ್ತೇವೆ. ಪವಿತ್ರಾತ್ಮರು ತಮಗೆ ಬೇಕಾದ ಕಡೆ ಬೀಸುವ ಗಾಳಿ ಎಂದು ಯೇಸುಸ್ವಾಮಿಯೇ ನಿಕೊದೇಮನಿಗೆ ಹೇಳಿದ್ದಾರೆ, ಅದೇ ಮೂರನೆಯ ಅಧ್ಯಾಯದಲ್ಲಿ.

ನವೆಂಬರ್ 2ರ ಸಂಜೆ ಸಮಾಧಿ ಸ್ಥಳದಲ್ಲಿ ಪೂಜೆ ನಡೆಯಿತು. ಥಂಡಿ ಗಾಳಿಗೆ ಮೇಣದ ಬತ್ತಿಗಳು ನಿಲ್ಲುತ್ತಿರಲಿಲ್ಲ. ಒಂದೊಂದೇ ಹೆಸರು ಓದುತ್ತಾ ಬಂದು ಆ ಐದನೆಯ ಹೆಸರನ್ನೂ ಓದಿದೆ. ಒಂದಿಬ್ಬರು ತಲೆ ಎತ್ತಿ ನೋಡಿದರು. ಅಜ್ಜ ಎತ್ತಲಿಲ್ಲ. ಎಡಗೈ ತಿದಿಯ ಮೇಲಿತ್ತು, ಬಲಗೈ ಒಂದೇ ಸ್ವರವನ್ನು ಹಿಡಿದುಕೊಂಡಿತ್ತು. ಪಟ್ಟಿ ಮುಗಿಯುವವರೆಗೂ ಆ ಸ್ವರವನ್ನು ಬಿಡಲಿಲ್ಲ.

ಈ ವರ್ಷದ ಚೀಟಿ ಬರೆಯುವಾಗ ನಿಮಗೂ ಯಾರಾದರೂ ನೆನಪಾಗಬಹುದು: ಅಕ್ಷರ ಕಲಿಸಿದ ಮಾಸ್ತರರು, ಹೆರಿಗೆ ಮಾಡಿಸಿದ ಸೂಲಗಿತ್ತಿ, ಬರಗಾಲದಲ್ಲಿ ಜೋಳ ಕೊಟ್ಟ ಪಕ್ಕದ ಹೊಲದವರು. ನಮ್ಮವರೋ ಅಲ್ಲವೋ ಎಂದು ನಾನು ಕೇಳುವುದಿಲ್ಲ. ಹೆಸರನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸಂಜೆಯ ಮಬ್ಬಿನಲ್ಲಿ ಓದುವವನು ನಾನು.