ಜಗಲಿ ಯಾರದು?

ಪುಣೆಯಲ್ಲಿ ನಾವು ಕೊಂಡದ್ದು ನೆಲಮಹಡಿಯ ಫ್ಲ್ಯಾಟು. ಮುಂದೆ ಹದಿನೆಂಟಡಿ ಉದ್ದ, ಹತ್ತಡಿ ಅಗಲದ ಖಾಲಿ ಜಾಗ. ಡಿಸೈನರ್ ಮೂರು ನಕ್ಷೆ ತಂದ. ಮೂರರಲ್ಲೂ ಮರದ ಡೆಕ್, ಬಳ್ಳಿ ಹಬ್ಬಿಸಲು ಚಪ್ಪರ, ಸುತ್ತ ಆರಡಿ ಎತ್ತರದ ಮರೆ. "ಪೂರ್ತಿ ಪ್ರೈವೆಸಿ ಸರ್" ಎಂದ.

ನನಗೆ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯ ಜಗಲಿ ನೆನಪಾಯಿತು. ಅಂಗಳದಿಂದ ಎರಡು ಮೆಟ್ಟಿಲು ಮೇಲೆ, ಕೆಂಪು ಕಾವಿಯ ನೆಲ, ಮರದ ಕಂಬಗಳು. ಹೆಂಚಿನ ಸೂರು ತಗ್ಗಿ ಇಳಿದಿರುತ್ತಿತ್ತು; ಮಲೆನಾಡಿನಲ್ಲಿ ಮಳೆ ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ, ಗೋಡೆ ನೆನೆಯಬಾರದು. ಬೇಸಿಗೆಯಲ್ಲಿ ಅದೇ ಸೂರು ಮನೆಗೆ ನೆರಳು. ಎಲ್ಲಕ್ಕಿಂತ ಮುಖ್ಯವಾಗಿ, ಜಗಲಿಗೆ ಬಾಗಿಲಿರಲಿಲ್ಲ. ಬಂದವರು ಕೇಳದೆ ಕೂರುತ್ತಿದ್ದರು. ಮೊದಲು ನೀರು, ಬೆಲ್ಲ. ಆಮೇಲೆ ಯಾವ ಊರು ಎಂಬ ಪ್ರಶ್ನೆ.

ಇದನ್ನು ಹೆಮ್ಮೆಯಿಂದ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಎಲ್ಲಿ ಕೂರ್ತಿದ್ರು? ತೋಟದ ಕೆಲಸಕ್ಕೆ ಬರೋರು ಅಂಗಳದಲ್ಲೇ ನಿಲ್ತಿದ್ರಲ್ಲ. ಅವರ ಬೊಗಸೆಗೆ ಮೇಲಿಂದ ನೀರು ಹೊಯ್ತಿದ್ದವಳು ನಾನೇ" ಎಂದಳು.

ನಾನೂ ನೋಡಿದ್ದೆ. ಮರೆತಿದ್ದೆ, ಅಷ್ಟೇ. ಆ ಎರಡು ಮೆಟ್ಟಿಲು ಮಳೆನೀರನ್ನು ಮಾತ್ರವಲ್ಲ, ಜಾತಿ ನೋಡಿ ಜನರನ್ನೂ ತಡೆಯುತ್ತಿದ್ದವು.

ಹಾಗಾದರೆ ಡಿಸೈನರನ ಮರೆಯೇ ಪ್ರಾಮಾಣಿಕವೇ? ಅದು ಎಲ್ಲರಿಗೂ ಸಮಾನವಾಗಿ ಬೇಡ ಅನ್ನುತ್ತದೆ. ಒಂದು ವಾರ ಹಾಗೇ ಅನ್ನಿಸಿತ್ತು. ಆದರೆ ಯಾರನ್ನೂ ಕೂರಿಸದಿರುವುದು ಒಬ್ಬರನ್ನು ನಿಲ್ಲಿಸಿದ್ದಕ್ಕೆ ಪರಿಹಾರವಲ್ಲ. ನಮ್ಮ ಪ್ರಾಜೆಕ್ಟುಗಳಲ್ಲಿ ಮೊದಲು ಬಳಕೆದಾರರ ಪಟ್ಟಿ ಮಾಡುತ್ತೇವೆ. ಪಟ್ಟಿಯಲ್ಲಿ ಇಲ್ಲದವರಿಗೆ ಕೊನೆಗೆ ಏನೂ ಸಿಗುವುದಿಲ್ಲ. ಈ ಜಾಗದ ಪಟ್ಟಿಯಲ್ಲಿ ನಾವು ನಾಲ್ವರು, ನಮ್ಮ ಅತಿಥಿಗಳು. ಪಾರ್ಸೆಲ್ ತರುವ ಹುಡುಗ, ನಾವು ಬರುವುದು ತಡವಾದರೆ ಗೇಟಿನ ಬಳಿ ಕಾಯುವ ಕೆಲಸದ ಬಾಯಿ ಅದರಲ್ಲಿರಲಿಲ್ಲ.

ಮರೆ ಕೈಬಿಟ್ಟೆವು. ಗೇಟಿನ ಪಕ್ಕ, ಮೆಟ್ಟಿಲಿಲ್ಲದೆ, ನೆರಳಿನಡಿ ಒಂದು ಶಹಾಬಾದ್ ಕಲ್ಲಿನ ಬೆಂಚು ಹಾಕಿಸಿದೆವು. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು, ಪುಣೆಯ ಅಂಗಳಗಳಿಗೆ ಹೊಸದಲ್ಲ.

ಮೊದಲ ದಿನ ಬಾಯಿ ಬಂದು ಕಾಯುತ್ತಿದ್ದರು. ಬೆಂಚಿನ ಮೇಲಲ್ಲ, ಅದರ ಪಕ್ಕದ ನೆಲದ ಮೇಲೆ. ವಿನ್ಯಾಸ ಮುಗಿಯಿತು ಅಂದುಕೊಂಡಿದ್ದೆ. ಚಹಾ ಎರಡು ಲೋಟ ತಂದು, ಬೆಂಚಿನ ಒಂದು ತುದಿಯಲ್ಲಿ ಕೂತು, ಅವರನ್ನು ಕರೆದೆ.